ಕಿಟಕಿಗೊಂದು ಮುಟ್ಟಾಳೆ

ಕಳೆದ ಸಲ ತಾರಸಿ ಸೋರುವ ಬಗ್ಗೆ ಬರೆದಿದ್ದೆ. ಅದಕ್ಕಿಂತ ಜಾಸ್ತಿ ಕಾಗದ ಈ ಸಲ ಕಿಟಕಿ ಬಗ್ಗೆ ಬಂದಿವೆ. ಸೆಕೆಗಾಲ ಅಲ್ವಾ! ಫೆಬ್ರವರಿ ಕಳೆದರೆ ಸಾಕು, ಮಂಗಳೂರು, ಉಡುಪಿಯಲ್ಲಿ ಎಲ್ಲರಿಗೂ ಕಿಟಕಿ ನೆನಪಾಗುತ್ತದೆ. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು, ಸುಧಾರಿಸಿಕೊಳ್ಳಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಕಡಲಿಗೆ ಮುಖ ಮಾಡಿ ಮನೆ ಕಟ್ಟಿಸುತ್ತಿದ್ದೇವೆ. ಹಾಲ್‌ನ ಪಡು ಬದಿಗೆ 12 ಅಡಿ ಅಗಲ, 7 ಅಡಿ ಎತ್ತರದ ಗಾಜು ಹಾಕಿ, ಸೋಫಾದಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಬೇಕೆಂದು ನಮ್ಮ ಯಜಮಾನರ ಆಸೆ. ಡಬಲ್ ಗಾಜು ಹಾಕಿದರೆ ಎ.ಸಿ. ಬಿಲ್ ಅರ್ಧ ಇಳಿಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಬಹುದಾ ಮೇಡಂ?
– ಓದುಗರು, ಸುರತ್ಕಲ್

ಉತ್ತರ: ಮೊದಲು ನನ್ನದೇ ಕಥೆ ಹೇಳುತ್ತೇನೆ. 2009ರಲ್ಲಿ ಉಡುಪಿಯಲ್ಲಿ ನಮ್ಮ ಮನೆ ಕಟ್ಟುವಾಗ ನಾನೂ ಪಡು ಬದಿಗೆ ದೊಡ್ಡ ಗಾಜು ಹಾಕಿಸಿದೆ. ಕಡಲು ಕಾಣುವುದಿಲ್ಲ, ಗದ್ದೆ ಕಾಣುತ್ತಿತ್ತು. ಅಷ್ಟಕ್ಕೇ ಆ ಆಸೆ. ಮುಂಭಾಗ ಚಂದ ಕಾಣಲಿ ಅಂತ ಸನ್‌ಶೇಡ್ ಕೂಡ ಬಿಟ್ಟಿರಲಿಲ್ಲ. ಸಿವಿಲ್ ಇಂಜಿನಿಯರ್ ನಾನೇ, ನಕ್ಷೆ ಬರೆದದ್ದೂ ನಾನೇ. ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಅಪ್ಪ ಮರದ ಕೆಲಸದವರು. ಗೃಹಪ್ರವೇಶದ ದಿನ ಅಂಗಳದಲ್ಲಿ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಎಂತ ಮಗಾ, ಕಿಟಕಿಗೆ ಮುಟ್ಟಾಳೆ ಇಲ್ವಾ?" ಎಂದು ಕೇಳಿದರು. ಗದ್ದೆಗೆ ಇಳಿಯುವವರು ಅಡಿಕೆ ಹಾಳೆಯ ಟೊಪ್ಪಿ ಇಡುತ್ತಾರಲ್ಲ, ಅದು. ನಾನು ನಕ್ಕು ಬಿಟ್ಟೆ. ಮಾರ್ಚ್ ಬಂತು. ಸಂಜೆ ಐದಕ್ಕೆ ಆ ಕೋಣೆಗೆ ಹೋದರೆ ಸೋಫಾದ ಕೈ ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ಬಿಸಿ. ಎರಡೇ ವರ್ಷಕ್ಕೆ ಅದರ ಬಣ್ಣವೂ ಹೋಯಿತು.

ಈಗ ನಿಮ್ಮ ಗಾಜಿನ ಲೆಕ್ಕ. 12 ಅಡಿಗೆ 7 ಅಡಿ ಅಂದರೆ 84 ಚದರ ಅಡಿ, ಸುಮಾರು 7.8 ಚದರ ಮೀಟರ್. ಮೋಡವಿಲ್ಲದ ಮಾರ್ಚ್ ದಿನ, ಸಂಜೆ ನಾಲ್ಕೂವರೆಗೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ 600 ವ್ಯಾಟ್ ಆಸುಪಾಸಿನ ಬಿಸಿಲು ಬೀಳುತ್ತದೆ ಎಂದು ಇಟ್ಟುಕೊಳ್ಳಿ. ಸಾಮಾನ್ಯ ಒಂಟಿ ಗಾಜು ಅದರಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಪಾಲನ್ನು ಒಳಗೆ ಬಿಡುತ್ತದೆ. ಅಲ್ಲಿಗೆ 3,800 ವ್ಯಾಟ್. ಒಂದು ಟನ್ ಎ.ಸಿ. ಹೊರಗೆ ಹಾಕಬಲ್ಲ ಬಿಸಿ 3,500 ವ್ಯಾಟ್. ಅಂದರೆ ಮನೆಯಲ್ಲಿ ಯಾರೂ ಇಲ್ಲದಿದ್ದರೂ, ದೀಪ, ಟಿ.ವಿ. ಏನೂ ಇಲ್ಲದಿದ್ದರೂ, ಆ ಗಾಜೊಂದೇ ಒಂದು ಟನ್ನಿನ ಎ.ಸಿ.ಯನ್ನು ಪೂರ್ತಿ ನುಂಗಿ ಇನ್ನೂ ಸ್ವಲ್ಪ ಕೇಳುತ್ತದೆ.

ಡಬಲ್ ಗಾಜು ಹಾಕಿದರೆ? ಬರೀ ಎರಡು ಸಾದಾ ಗಾಜಿನ ಹಾಳೆ, ನಡುವೆ ಗಾಳಿ, ಇಷ್ಟೇ ಆದರೆ ಬಿಸಿಲಿನಲ್ಲಿ ನೂರಕ್ಕೆ ಸುಮಾರು 70 ಪಾಲು ಒಳಗೇ ಬರುತ್ತದೆ. 3,800 ಇದ್ದದ್ದು 3,300 ಆಗುತ್ತದೆ. ಇಷ್ಟಕ್ಕೆ ಅಷ್ಟು ದುಡ್ಡಾ ಮಾರಾಯ್ರೆ?

ಡಬಲ್ ಗಾಜು ನಿಜವಾಗಿ ತಡೆಯುವುದು ಬೇರೆಯದನ್ನು. ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಬಿಸಿಯ ವ್ಯತ್ಯಾಸ ಇದ್ದಾಗ ಗಾಜಿನ ಮೂಲಕ ಹರಿಯುವ ಬಿಸಿಯನ್ನು. ಅದರ ಅಳತೆಗೆ ಯು-ವ್ಯಾಲ್ಯೂ ಎನ್ನುತ್ತಾರೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಎಷ್ಟು ವ್ಯಾಟ್ ಎಂದು. ಒಂಟಿ ಗಾಜಿಗೆ 5.7 ಇದ್ದರೆ ಡಬಲ್ ಗಾಜಿಗೆ 2.8ರ ಹತ್ತಿರ. ಕೇಳಲಿಕ್ಕೆ ಅರ್ಧ, ಹೌದು. ಅಂಗಡಿಯವರ "ಬಿಲ್ ಅರ್ಧ" ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಆದರೆ ನಮ್ಮಲ್ಲಿ ಹೊರಗೆ 33 ಡಿಗ್ರಿ, ಎ.ಸಿ. ಹಾಕಿದ ಒಳಗೆ 25. ವ್ಯತ್ಯಾಸ 8 ಡಿಗ್ರಿ ಅಷ್ಟೇ. ನಿಮ್ಮ ಇಡೀ ಗಾಜಿಗೆ ಲೆಕ್ಕ ಹಾಕಿದರೆ ಒಂಟಿ ಗಾಜಿನಲ್ಲಿ 350 ವ್ಯಾಟ್, ಡಬಲ್‌ನಲ್ಲಿ 175. ಉಳಿದ ಆ 175 ವ್ಯಾಟ್ ಬಿಸಿಯನ್ನು ಹೊರಗೆ ಹಾಕಲು ಎ.ಸಿ.ಗೆ ಬೇಕಾದದ್ದು ಹೆಚ್ಚೆಂದರೆ ಒಂದು ಸೀಲಿಂಗ್ ಫ್ಯಾನಿನ ಕರೆಂಟು. ಹೊರಗೆ ಹಿಮ, ಒಳಗೆ 20 ಡಿಗ್ರಿ ಇರುವ ಊರಿನಲ್ಲಿ ಇದೇ ಲೆಕ್ಕ ಬೇರೆ ಥರ ಇರುತ್ತದೆ. ಅಲ್ಲಿ ಡಬಲ್ ಗಾಜು ಇಲ್ಲದೆ ಬದುಕುವುದೇ ಕಷ್ಟ.

ಹಾಗಾಗಿ ಅಂಗಡಿಯಲ್ಲಿ ನೀವು ಕೇಳಬೇಕಾದ ನಂಬರ್ ಯು-ವ್ಯಾಲ್ಯೂ ಅಲ್ಲ, ಎಸ್‌ಎಚ್‌ಜಿಸಿ. ಬಿಸಿಲಿನ ಬಿಸಿಯಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎನ್ನುವುದರ ಅಳತೆ ಅದು. ಸೊನ್ನೆಯಿಂದ ಒಂದರವರೆಗೆ. ಸಾದಾ ಗಾಜು 0.82. ಬಿಸಿಲು ತಡೆಯುವ, ಲೋ-ಇ ಎಂಬ ತೆಳು ಲೋಹದ ಲೇಪ ಇರುವ ಒಳ್ಳೆಯ ಗಾಜಿನಲ್ಲಿ 0.3 ಸಿಗುತ್ತದೆ. ನಿಮ್ಮ 3,800 ಆಗ 1,400ಕ್ಕೆ ಇಳಿಯುತ್ತದೆ. ಜೊತೆಗೆ ಬೆಳಕು ಎಷ್ಟು ಬರುತ್ತದೆ ಎಂದೂ ಕೇಳಿ. ನೂರಕ್ಕೆ 40 ಪಾಲಾದರೂ ಬರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಹಗಲಿಗೇ ಲೈಟ್ ಹಾಕಿ ಕೂರಬೇಕಾಗುತ್ತದೆ. ಈ ಎರಡು ನಂಬರ್ ಬರೆದು ಕೊಡಲಾಗದ ಅಂಗಡಿಯಲ್ಲಿ ಗಾಜು ತೆಗೆದುಕೊಳ್ಳಬೇಡಿ.

ಇಷ್ಟೆಲ್ಲ ಹೇಳಿದರೂ ನನ್ನ ಸಲಹೆ ಗಾಜಿನದ್ದಲ್ಲ. ಆ ಬದಿಗೆ ಎಂಟು ಅಡಿಯ ಜಗಲಿ ಮಾಡಿ. ಮೇಲೆ ಇಳಿಜಾರಿನ ಹಂಚಿನ ಮಾಡು. ಎದುರಿಗೆ ಚಿಕ್, ಅಂದರೆ ಸುತ್ತಿ ಮೇಲೆತ್ತುವ ಬಿದಿರಿನ ಪರದೆ. ಗಾಜಿನ ಅಗಲ 12ರಿಂದ 6 ಅಡಿಗೆ ಇಳಿಸಿ. ಬರೀ ಎರಡು ಅಡಿಯ ಸನ್‌ಶೇಡ್ ಸಾಕಾಗುವುದಿಲ್ಲವಾ ಎಂದು ಕೇಳುತ್ತೀರಿ. ಮಾರ್ಚ್‌ನಲ್ಲಿ ಮಧ್ಯಾಹ್ನ ಎರಡೂವರೆಗೆ ಅದರ ನೆರಳು ಕಿಟಕಿಯ ಮೇಲೆ ಮೂರು ಅಡಿಗೂ ಜಾಸ್ತಿ ಇಳಿಯುತ್ತದೆ. ನಾಲ್ಕೂವರೆಗೆ ಒಂದೇ ಅಡಿ. ಪಡುವಣ ಸೂರ್ಯ ಸನ್‌ಶೇಡಿನ ಕೆಳಗೆ ನುಸುಳಿ ಬರುತ್ತಾನೆ. ಬೆಳಿಗ್ಗೆ ಪೂರ್ವದಲ್ಲೂ ಇದೇ, ಆದರೆ ಆಗ ಮನೆ ತಂಪಾಗಿರುತ್ತದೆ, ಗೊತ್ತಾಗುವುದಿಲ್ಲ. ದಕ್ಷಿಣಕ್ಕೆ ಮಾತ್ರ ಎರಡು ಅಡಿ ಧಾರಾಳ ಸಾಕು.

ನೆರಳು ಗಾಜಿನ ಹೊರಗೇ ಇರಬೇಕು. ಒಳಗಿನ ಪರದೆ ಎಷ್ಟೇ ದಪ್ಪ ಇದ್ದರೂ ಬಿಸಿಲು ಆಗಲೇ ಗಾಜು ದಾಟಿ ಬಂದಾಗಿದೆ. ಪರದೆ ಬಿಸಿಯಾಗುತ್ತದೆ, ಆ ಬಿಸಿ ಕೋಣೆಯಲ್ಲೇ ಉಳಿಯುತ್ತದೆ. ನಾನು ಕೊನೆಗೆ ಮಾಡಿದ್ದೂ ಇದೇ. ನಾಲ್ಕೂವರೆ ಅಡಿ ಮಾಡು ಇಳಿಸಿ ಚಿಕ್ ಕಟ್ಟಿಸಿದೆ. ಮಾಡಿನ ಪಕ್ಕಾಸು ಕೂರಿಸಿದ್ದು ಅಪ್ಪನೇ. ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ನಾಚಿಕೆಯಾದದ್ದು.

ಸೂರ್ಯ ಮುಳುಗುವುದನ್ನು ಜಗಲಿಯಲ್ಲಿ ಕೂತು ನೋಡಿ. ಗಾಳಿಯೂ ಬರುತ್ತದೆ. ಹೆದ್ದಾರಿ 66ರ ಲಾರಿ ಸದ್ದು ನಿಮ್ಮ ನಿಜವಾದ ತೊಂದರೆಯಾದರೆ ಮಾತ್ರ ಪೂರ್ವದ ಮಲಗುವ ಕೋಣೆಗೆ ಡಬಲ್ ಗಾಜು ಯೋಚಿಸಿ. ಅದರಲ್ಲೊಂದು ಹಾಳೆ ಲ್ಯಾಮಿನೇಟೆಡ್, ಅಂದರೆ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು, ಇರಲಿ.

ಪ್ರಶ್ನೆ: ನಾನು ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಲೋ-ಇ ಗಾಜು ಬಂದದ್ದು ಎಲ್ಲಿಂದ? ಕಣ್ಣಿಗೇ ಕಾಣದ ಲೇಪ ಬಿಸಿಯನ್ನು ಹೇಗೆ ತಡೆಯುತ್ತದೆ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಎರಡು ಗಾಜು ಜೋಡಿಸಿ ಅಂಚು ಮುಚ್ಚುವ ಉಪಾಯಕ್ಕೆ ಅಮೆರಿಕದ ಥಾಮಸ್ ಸ್ಟೆಟ್ಸನ್ ಪೇಟೆಂಟ್ ತೆಗೆದುಕೊಂಡದ್ದು 1865ರಲ್ಲಿ. ಅದೇ ವರ್ಷ ನಮ್ಮ ಮಂಗಳೂರಿನ ಜೆಪ್ಪುವಿನಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿ ಚಳಿ ತಡೆಯಲು ಗಾಜು, ಇಲ್ಲಿ ಮಳೆ ಬಿಸಿಲು ತಡೆಯಲು ಹಂಚು. ನನಗೆ ಇದು ಯಾವಾಗಲೂ ಮಜಾ ಅನಿಸುತ್ತದೆ.

ಆಮೇಲಿನ ದೊಡ್ಡ ಹೆಜ್ಜೆ ಇಂಗ್ಲೆಂಡಿನದ್ದು. ಅಲೆಸ್ಟರ್ ಪಿಲ್ಕಿಂಗ್ಟನ್ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ನಯವಾದ ಹಾಳೆ ಮಾಡುವ ವಿಧಾನ ಕಂಡುಹಿಡಿದರು. 1959ರಲ್ಲಿ ಅದು ಲೋಕಕ್ಕೆ ಗೊತ್ತಾಯಿತು. ಇವತ್ತು ನಿಮ್ಮ ಕಾಲೇಜಿನ ಕಿಟಕಿಯಲ್ಲಿರುವುದೂ ಈ ಫ್ಲೋಟ್ ಗಾಜೇ. ಲೇಪ ಹಚ್ಚಲು ಇಂಥ ಸಮನಾದ ಮೈ ಬೇಕು.

1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. ಅಮೆರಿಕದಲ್ಲಿ ಪೆಟ್ರೋಲ್ ಬಂಕಿನ ಎದುರು ಕ್ಯೂ. ಮನೆ ಬೆಚ್ಚಗಿಡಲು ಸುಡುವ ಎಣ್ಣೆಯಲ್ಲಿ ಎಷ್ಟೋ ಪಾಲು ಕಿಟಕಿಯಿಂದಲೇ ಹೊರಗೆ ಹೋಗುತ್ತಿದೆ ಎಂದು ಆಗ ಕಣ್ಣು ತೆರೆಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಆರ್ಥರ್ ರೋಸೆನ್‌ಫೆಲ್ಡ್ ಎಂಬ ಭೌತವಿಜ್ಞಾನಿ ಕಣಗಳ ಸಂಶೋಧನೆ ಬಿಟ್ಟು ಕರೆಂಟು, ಎಣ್ಣೆ ಉಳಿಸುವ ಕೆಲಸಕ್ಕೆ ಇಳಿದರು. ಅಲ್ಲಿ ಕಿಟಕಿಗಳ ಗುಂಪನ್ನು ನಡೆಸಿದವರು ಸ್ಟೀಫನ್ ಸೆಲ್ಕೊವಿಟ್ಜ್. ಸರ್ಕಾರದ ದುಡ್ಡಿನಲ್ಲಿ ಪ್ರಯೋಗಾಲಯ ಮತ್ತು ಚಿಕ್ಕ ಕಂಪನಿಗಳು ಸೇರಿ ಕೆಲಸ ಮಾಡಿದವು. ಹಾಗೆ 1981ರಲ್ಲಿ ಸೌತ್‌ವಾಲ್ ಕಂಪನಿಯ 'ಹೀಟ್ ಮಿರರ್' ಪೇಟೆಗೆ ಬಂತು. ಎರಡು ಗಾಜಿನ ನಡುವೆ ಬಿಗಿಯಾಗಿ ಎಳೆದು ಕಟ್ಟಿದ, ಲೇಪ ಇರುವ ತೆಳು ಪ್ಲಾಸ್ಟಿಕ್ ಹಾಳೆ ಅದು. ಗಾಜಿನ ಮೇಲೆಯೇ ಲೇಪ ಹಚ್ಚುವ ದೊಡ್ಡ ಕಂಪನಿಗಳು ಆಮೇಲೆ ಬಂದವು.

ಲೇಪ ಎಂದರೆ ಹೆಚ್ಚಾಗಿ ಬೆಳ್ಳಿ. ಹತ್ತು ಹದಿನೈದು ನ್ಯಾನೋಮೀಟರ್ ದಪ್ಪ, ಅಂದರೆ ತಲೆಕೂದಲ ದಪ್ಪದ ಐದಾರು ಸಾವಿರದಲ್ಲಿ ಒಂದು ಪಾಲು. ಅಷ್ಟು ತೆಳು ಇದ್ದರೆ ಬೆಳಕು ದಾಟಿ ಹೋಗುತ್ತದೆ. ಆದರೆ ಲೋಹದ ಗುಣ ಬಿಡುವುದಿಲ್ಲ. ಹುಳಿ ಹಾಕಿ ತಿಕ್ಕಿದ ಹಿತ್ತಾಳೆ ತಂಬಿಗೆಯಲ್ಲೂ ಮಸಿ ಹಿಡಿದ ಪಾತ್ರೆಯಲ್ಲೂ ಬಿಸಿನೀರು ಇಟ್ಟು ನೋಡಿ. ಹೊಳೆಯುವ ತಂಬಿಗೆ ನಿಧಾನ ಆರುತ್ತದೆ. ಹೊಳೆಯುವ ಲೋಹ ತನ್ನ ಮೈಯಿಂದ ಬಿಸಿಯನ್ನು ಹೊರಗೆ ಸೂಸುವುದು ಕಡಿಮೆ. ಸಾದಾ ಗಾಜು ಇದರಲ್ಲಿ ಮಸಿ ಪಾತ್ರೆಯ ಜಾತಿ, ಸೂಸುವ ಗುಣ (ಎಮಿಸಿವಿಟಿ, ಲೋ-ಇ ಹೆಸರಿನ 'ಇ' ಇದೇ) 0.84. ಬೆಳ್ಳಿ ಲೇಪ ಬಿದ್ದ ಮೇಲೆ ಅದು 0.1ಕ್ಕಿಂತ ಕೆಳಗೆ.

ಇಲ್ಲೊಂದು ಎಚ್ಚರಿಕೆ, ನೀವು ಮುಂದೆ ನಕ್ಷೆ ಬರೆಯುವವರಲ್ವಾ. ಮೊದಲು ಬಂದ ಲೋ-ಇ ಚಳಿ ದೇಶದ್ದು. ಬಿಸಿಲು ಒಳಗೆ ಬರಲಿ, ಕೋಣೆಯ ಬಿಸಿ ಹೊರಗೆ ಹೋಗದಿರಲಿ ಎಂದು ಮಾಡಿದ್ದು. ಅದನ್ನು ತಂದು ಮಲ್ಪೆಯಲ್ಲಿ ಹಾಕಿದರೆ ಮೇ ತಿಂಗಳಲ್ಲಿ ಕಂಬಳಿ ಹೊದ್ದ ಹಾಗೆ. ಬಿಸಿಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಬೆಳಕನ್ನು ಬಿಟ್ಟು ಅದನ್ನು ಮಾತ್ರ ಹಿಂದಕ್ಕೆ ಕಳಿಸುವ ಲೇಪಗಳು ಬೆಳ್ಳಿಯ ಎರಡು, ಮೂರು ಪದರದಲ್ಲಿ ಬಂದವು. ನಮಗೆ ಬೇಕಾದದ್ದು ಅವು. ಹೆಸರು ಮಾತ್ರ ಎರಡಕ್ಕೂ ಲೋ-ಇ.

ಲೇಪ ಇದೆಯಾ ಇಲ್ವಾ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಸಂಜೆ ಹೊತ್ತು ಡಬಲ್ ಗಾಜಿನ ಎದುರು ಬೆಂಕಿಕಡ್ಡಿ ಗೀರಿ. ಗಾಜಿಗೆ ನಾಲ್ಕು ಮೈ ಇರುವುದರಿಂದ ನಾಲ್ಕು ಪ್ರತಿಬಿಂಬ ಕಾಣುತ್ತದೆ. ಅದರಲ್ಲಿ ಒಂದರ ಬಣ್ಣ ಬೇರೆ ಇದ್ದರೆ ಆ ಮೈಯಲ್ಲಿ ಲೇಪ ಇದೆ. ಹೊರಗಿನಿಂದ ಎಣಿಸಿದರೆ ನಮ್ಮ ಊರಿಗೆ ಅದು ಎರಡನೆಯ ಮೈಯಲ್ಲಿರಬೇಕು.

ಪ್ರಶ್ನೆ: ನಮ್ಮ ಬೆಡ್‌ರೂಮಿನ ಡಬಲ್ ಗಾಜಿನ ಮೇಲೆ ಬೆಳಿಗ್ಗೆ ಮಂಜು ಕೂತಿರುತ್ತದೆ. ಗಾಜು ಹಾಳಾಯಿತಾ?
– ಓದುಗರು, ಮಲ್ಪೆ

ಉತ್ತರ: ಬೆರಳಿಂದ ಒರೆಸಿ ನೋಡಿ. ಹೊರಗಿನಿಂದ ಒರೆಸಿದಾಗ ಹೋದರೆ ತೊಂದರೆ ಇಲ್ಲ. ರಾತ್ರಿಯಿಡೀ ಎ.ಸಿ. ಹಾಕಿ ಗಾಜು ತಣ್ಣಗಾಗಿದೆ, ನಮ್ಮ ಕಡಲ ಗಾಳಿಯಲ್ಲಿ ನೀರಿನ ಪಸೆ ತುಂಬ ಇದೆ. ಐಸ್ ಹಾಕಿದ ಲೋಟದ ಹೊರಗೆ ಬೆವರಿದ ಹಾಗೆ. ಎ.ಸಿ.ಯನ್ನು 24ಕ್ಕೆ ಇಡಿ, ಮಂಜೂ ಕಡಿಮೆ, ಬಿಲ್ಲೂ ಕಡಿಮೆ.

ಎರಡೂ ಬದಿಯಿಂದ ಒರೆಸಿದರೂ ಹೋಗದಿದ್ದರೆ ನೀರು ನಡುವೆ ಸೇರಿದೆ. ಅಂಚಿನ ಸೀಲ್ ಹೋಗಿದೆ. ಎರಡು ಗಾಜಿನ ನಡುವೆ ಅಂಚಿನಲ್ಲಿ ಒಂದು ಪಟ್ಟಿ ಇರುತ್ತದಲ್ಲ, ಅದರೊಳಗೆ ಪಸೆ ಹೀರುವ ಸಣ್ಣ ಮಣಿಗಳಿರುತ್ತವೆ. ಅವು ತುಂಬಿ ಹೋದ ಮೇಲೆ ಮಾಡುವಂಥದ್ದು ಏನಿಲ್ಲ, ಆ ಗಾಜಿನ ಜೋಡಿಯನ್ನೇ ಬದಲಿಸಬೇಕು. ಬೆಳ್ಳಿ ಲೇಪ ಇದ್ದರೆ ಬೇಗ ಬದಲಿಸಿ. ಪಸೆ, ಉಪ್ಪು ತಾಗಿದರೆ ಅದು ಕಪ್ಪಾಗುತ್ತದೆ. ವಾರಂಟಿ ಕಾಗದ ಹುಡುಕಿ ತೆಗೆಯಿರಿ. ಹಾಗೇ ಸ್ಕ್ರೂಗಳನ್ನೂ ನೋಡಿ. ಕಡಲ ಬದಿಗೆ 316 ನಂಬರಿನ ಸ್ಟೀಲ್ ಬೇಕು, 304 ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ನಮ್ಮದು 70 ವರ್ಷದ ಹಂಚಿನ ಮನೆ. ಹಲಸಿನ ಮರದ ಕಿಟಕಿ, ದಳಿ, ಗಾಜೇ ಇಲ್ಲ. ಬೆಂಗಳೂರಿನಲ್ಲಿರುವ ಮಗ ಎಲ್ಲ ತೆಗೆದು ಯುಪಿವಿಸಿ ಸ್ಲೈಡಿಂಗ್ ಹಾಕುವ ಎನ್ನುತ್ತಾನೆ. ಮನಸ್ಸಾಗುತ್ತಿಲ್ಲ. ಏನು ಮಾಡಲಿ ಅಮ್ಮಾ?
– ಹಿರಿಯ ಓದುಗರು, ಬ್ರಹ್ಮಾವರ

ಉತ್ತರ: ಮನಸ್ಸಾಗದಿದ್ದದ್ದು ಒಳ್ಳೆಯದೇ ಆಯಿತು. ಮಗನಿಗೆ ಬೈಯಬೇಡಿ. ಯುಪಿವಿಸಿ ಎಂದರೆ ಗಟ್ಟಿ ಪ್ಲಾಸ್ಟಿಕ್, ಕೆಟ್ಟದ್ದಲ್ಲ. ಅಲ್ಯೂಮಿನಿಯಂ ಹಾಗೆ ಬಿಸಿಯನ್ನು ಒಳಗೆ ಸಾಗಿಸುವುದಿಲ್ಲ, ಗೆದ್ದಲಿನ ಭಯವೂ ಇಲ್ಲ. ನನ್ನ ತಕರಾರು ಸ್ಲೈಡಿಂಗ್ ಮೇಲೆ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಎಷ್ಟು ಎಳೆದರೂ ತೆರೆಯುವುದು ಅರ್ಧವೇ. ನಿಮ್ಮ ಹಳೆಯ ಕಿಟಕಿಯ ಎರಡು ಬಾಗಿಲು ತೆಗೆದರೆ ಗಾಳಿಗೆ ಪೂರ್ತಿ ದಾರಿ. ಎ.ಸಿ. ಇಲ್ಲದ ಮನೆಯಲ್ಲಿ ಕರೆಂಟು ಉಳಿಸುವ ಕಿಟಕಿ ಅಂದರೆ ಅದೇ.

ಇದು ನನ್ನ ಹಳೇ ಕಾಲದ ಮಾತು ಎಂದು ಮಗ ಹೇಳಿದರೆ ಇದನ್ನು ತೋರಿಸಿ. ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಮನೆಗಳಿಗಾಗಿ 'ಇಕೋ ನಿವಾಸ ಸಂಹಿತಾ' ಎಂಬ ನಿಯಮ ತಂದಿತು. 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ ಬರೆದದ್ದು. ಅದರಲ್ಲಿ ಕರಾವಳಿಯಂಥ ಸೆಕೆಯ ಊರಿಗೆ, ಒಳಗಿನ ನೆಲದ ಆರನೇ ಒಂದು ಪಾಲಿನಷ್ಟು ತೆರೆಯುವ ಕಿಟಕಿ ಬೇಕು ಎಂದಿದೆ. ಸಾವಿರ ಚದರ ಅಡಿಗೆ 167 ಚದರ ಅಡಿ. ಚಳಿ ಊರಿಗೆ ಇದರ ಅರ್ಧ ಸಾಕು. ಲೆಕ್ಕ ಹಾಕುವಾಗ ಎರಡು ಬಾಗಿಲಿನ ಸ್ಲೈಡಿಂಗ್‌ಗೆ ಅರ್ಧ ಅಂಕ ಮಾತ್ರ. ಬದಿಗೆ ತೆರೆಯುವ ಬಾಗಿಲಿನ ಕಿಟಕಿಗೆ ನೂರಕ್ಕೆ 90. ಈಗಿನ ಎಷ್ಟೋ ಫ್ಲ್ಯಾಟ್‌ಗಳು ಇದರಲ್ಲಿ ಫೇಲ್. ನಿಮ್ಮ ಮನೆ ಪಾಸಾಗುತ್ತದೆ ಎಂದು ನನ್ನ ಅಂದಾಜು, ಟೇಪ್ ಹಿಡಿದು ಅಳೆಯಿರಿ.

ಮಳೆಗಾಲದಲ್ಲಿ ಕಿಟಕಿ ಉಬ್ಬಿ ಹಾಕಲಿಕ್ಕಾಗುವುದಿಲ್ಲ ಎಂಬುದು ನಿಮ್ಮ ಕಾಗದದ ಕೊನೆಯಲ್ಲಿದೆ. ಹಾಗೆಂದು ಆಟಿಯ ಮಳೆಯಲ್ಲಿ ಆಚಾರಿಯನ್ನು ಕರೆದು ಉಜ್ಜುಗೊರಡು ಹಾಕಿಸಬೇಡಿ. ಉಬ್ಬಿದ್ದನ್ನು ಕೆತ್ತಿದರೆ ಬೇಸಗೆಯಲ್ಲಿ ಬೆರಳು ಹೋಗುವಷ್ಟು ಸಂದು ಬೀಳುತ್ತದೆ. ಅಪ್ಪ ಈ ಕೆಲಸಕ್ಕೆ ಮಳೆ ಮುಗಿದು ಮರ ಒಣಗುವವರೆಗೆ ಕಾಯಿಸುತ್ತಿದ್ದರು. ಹೊರಮೈಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿ. ಕೈಗೆ ತಾಗಿದರೆ ಸುಟ್ಟ ಹಾಗೆ ಹುಣ್ಣಾಗುತ್ತದೆ, ಜಾಗ್ರತೆ. ಒಳಗಿನಿಂದ ತೆಗೆದು ಹಾಕುವ ಸೊಳ್ಳೆ ಬಲೆಯ ಚೌಕಟ್ಟು ಮಾಡಿಸಿ. ಅದರಿಂದ ಗಾಳಿ ಸ್ವಲ್ಪ ಕಡಿಮೆಯಾಗುತ್ತದೆ, ಇರಲಿ. ಮಲೇರಿಯಾ ಬಗ್ಗೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ?

ಗಾಜು ಬೇಕೇ ಬೇಕು ಎಂದಾದರೆ ಎರಚಲು ಹೊಡೆಯುವ ಪಡು ಬದಿಯ ಬಾಗಿಲುಗಳ ಮೇಲಿನ ಅರ್ಧಕ್ಕೆ ಮಾತ್ರ ಹಾಕಿಸಿ, ಮಳೆಗಾಲದಲ್ಲಿ ಮುಚ್ಚಿಕೊಂಡರೂ ಬೆಳಕಿರುತ್ತದೆ. ನಿಮ್ಮ ಮನೆಯ ಸೆಕೆ ಕಿಟಕಿಯದ್ದಲ್ಲ, ಮಾಡಿನದ್ದು. ಮಲಗುವ ಕೋಣೆಯ ಮೇಲೆ ನಾಲ್ಕು ಗಾಜಿನ ಹಂಚು ಇದೆ ಎಂದಿದ್ದೀರಿ. ಎರಡನ್ನು ತೆಗೆದು ಮಣ್ಣಿನ ಹಂಚು ಹಾಕಿ. ಮಗ ಕಳಿಸುವ ದುಡ್ಡಿನಲ್ಲಿ ಆ ಕೋಣೆಗೆ ಹಂಚಿನ ಕೆಳಗೆ ಮರದ ಮುಚ್ಚಿಗೆ ಮಾಡಿಸಿ.

ಪ್ರಶ್ನೆ: ಬಿಜೈಯಲ್ಲಿ ಬಾಡಿಗೆ ಫ್ಲ್ಯಾಟ್, ಮೂರನೇ ಮಹಡಿ. ಪಶ್ಚಿಮದ ಬಾಲ್ಕನಿಗೆ ಇಡೀ ಗಾಜಿನ ಬಾಗಿಲು. ಕಪ್ಪು ಫಿಲ್ಮ್ ಅಂಟಿಸಲಾ? ಓನರ್ ಏನೂ ಬದಲಿಸಬಾರದು ಎಂದಿದ್ದಾರೆ.
– ಓದುಗಿ, ಮಂಗಳೂರು

ಉತ್ತರ: ಕಪ್ಪು ಫಿಲ್ಮ್ ಬೇಡ. ಅದು ಬಿಸಿಲನ್ನು ಹೀರಿ ಗಾಜನ್ನೇ ಕಾಯಿಸುತ್ತದೆ. ನಡುವೆ ಕಾದು, ಅಂಚು ಚೌಕಟ್ಟಿನೊಳಗೆ ತಣ್ಣಗೆ ಉಳಿದರೆ ಗಾಜು ಸೀಳುವುದೂ ಉಂಟು. ಆಗ ಓನರ್‌ಗೆ ಎಂತ ಹೇಳುತ್ತೀರಿ?

ಬಾಲ್ಕನಿ ಇದೆಯಲ್ಲ, ಅದೇ ನಿಮ್ಮ ಮುಟ್ಟಾಳೆ. ಹೊರ ಅಂಚಿಗೆ ಬಿದಿರಿನ ಚಿಕ್ ಇಳಿಬಿಡಿ, ಗೋಡೆಗೆ ಮೊಳೆ ಬೇಡ, ಬಟ್ಟೆ ಒಣಗಿಸುವ ಕಂಬಿಗೆ ಕಟ್ಟಿದರೆ ಸಾಕು. ಇನ್ನೂ ಅಗ್ಗದ್ದು ಬೇಕಾ? ಎರಡು ದೊಡ್ಡ ಕುಂಡದಲ್ಲಿ ಬಸಳೆ ದಂಟು ಊರಿ, ಮೇಲಕ್ಕೆ ನೈಲಾನ್ ಹಗ್ಗ ಎಳೆದು ಕಟ್ಟಿ. ದಿನಾ ನೀರು ಹಾಕಿದರೆ ಎರಡು ತಿಂಗಳಲ್ಲಿ ದಪ್ಪ ಎಲೆಯ ಪರದೆ ಆಗುತ್ತದೆ. ಈಗಲೇ ಊರಿದರೆ ಏಪ್ರಿಲ್ ಹೊತ್ತಿಗೆ ನೆರಳು. ಎಟ್ಟಿ (ಸಿಗಡಿ) ಹಾಕಿ ಬಸಳೆ ಸಾರು ಮಾಡುವ ಮನೆಯಾದರೆ ಒಂದು ಮಾತು: ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವವರೆಗೆ ಮೇಲಿನ ಎಲೆಗೆ ಕೈ ಹಾಕಬೇಡಿ, ಬುಡದ್ದನ್ನು ಕೊಯ್ದುಕೊಳ್ಳಿ.